ಸ್ಪೇನಿನ ದ್ರಾಕ್ಷಿತೋಟದಲ್ಲಿ ಡಬಲ್ಸ್

ಗುಂಡ್ಲುಪೇಟೆಯ ನಮ್ಮ ಅಂಗಡಿಯ ತಾರಸಿಯ ತಂತಿಯಲ್ಲಿ ಆಗಾಗ ಒಂದು ಕಪ್ಪು ಚಡ್ಡಿ ಒಣಗುತ್ತಿರುತ್ತದೆ. ಅದರ ಕೂರುವ ಜಾಗಕ್ಕೆ ಒಳಗಡೆಯಿಂದ ಒಂದು ಸಣ್ಣ ದಿಂಬು ಹೊಲಿದಿದ್ದಾರೆ. ಒಗೆದು ಹಾಕಿದಾಗ ಆ ದಿಂಬು ನೀರು ಕುಡಿದು ಊದಿಕೊಂಡು, ಗಾಳಿ ಬೀಸಿದರೆ ಆನೆಮರಿಯ ಹಿಂಭಾಗದಂತೆ ತೂಗಾಡುತ್ತದೆ. ಎದುರು ಸಾಲಿನಲ್ಲಿ ಟೀ ಅಂಗಡಿ ಇಟ್ಟಿರುವ ಮಲಯಾಳಿ ಕೋಯಾ ಕಾಕ ಮೊದಲ ಸಲ ನೋಡಿದವನು ರಸ್ತೆಯ ಆಚೆಯಿಂದಲೇ ಕೂಗಿದ್ದ.

‘ಎಂದಾ ಅಣ್ಣಾ ಅದು? ಮೊಮ್ಮಗಂದಾ?’

‘ನಂದೇ ಕಾಕ.’

‘ನಿಂದಾ! ಅಷ್ಟು ದಪ್ಪ ಯಾಕೆ?’

‘ಸ್ಪೇನಿಗೆ ಓಗಿದ್ನಲ್ಲ, ಅಲ್ಲಿ ಕೂರಕ್ಕೆ.’

‘ಪಡಚೋನೇ! ಅಲ್ಲಿ ಕುರ್ಚಿ ಇಲ್ವಾ?’

ಕುರ್ಚಿ ಇತ್ತು. ನಾವು ಕುರ್ಚಿಗೆಂದು ಹೋದವರಲ್ಲ ಅಷ್ಟೆ. ಹಾಗೆ ನೋಡಿದರೆ ಸೈಕಲ್ಲಿಗೆಂದೂ ಹೋದವರಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮಗೊಂದು ಬುದ್ಧಿಮಾತು: ಅಂಗಿ, ಪಂಚೆ, ಚಪ್ಪಲಿ ಏನು ಬೇಕಾದರೂ ಚೌಕಾಸಿ ಮಾಡಿ ಕೊಳ್ಳಿ, ಸೈಕಲ್ ಚಡ್ಡಿಯಲ್ಲಿ ಮಾತ್ರ ಮಾಡಬೇಡಿ. ಅಗ್ಗದ ಚಡ್ಡಿಯ ದಿಂಬು ಮಧ್ಯಾಹ್ನದ ಹೊತ್ತಿಗೆ ಒಂದು ಪಕ್ಕಕ್ಕೆ ಸರಿದುಬಿಡುತ್ತದೆ. ಹೇಗೆ ಗೊತ್ತು ಎಂದು ಕೇಳಬೇಡಿ.

ನಾನು ಈರುಳ್ಳಿ, ಹುರುಳಿ, ಅರಿಸಿನದ ದಲ್ಲಾಳಿ. ಹೆಸರು ಪುಟ್ಟಮಾದಪ್ಪ. ಹುಟ್ಟುತ್ತಲೇ ದಲ್ಲಾಳಿಯಾಗಿದ್ದವನಲ್ಲ. ಅಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಬಾಡಿಗೆ ಸೈಕಲ್ಲಿನ ಬಾರ್ ಮೇಲೆ ಕಾಲು ಎಟುಕದ ವಯಸ್ಸಿನಲ್ಲಿ, ಚೌಕಟ್ಟಿನೊಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತೆ. ಸೊಂಟ ಒಂದು ಕಡೆ, ತಲೆ ಒಂದು ಕಡೆ. ದೂರದಿಂದ ನೋಡಿದವರಿಗೆ ಸೈಕಲ್ಲೇ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತಿದೆ ಅನ್ನಿಸುತ್ತಿತ್ತಂತೆ. ಸೀಟು ಎಟುಕುವ ಹೊತ್ತಿಗೆ ಕ್ಯಾರಿಯರ್ ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟು ಬಂದಿತ್ತು. ಬೆಳಗಿನ ಜಾವ ಹಳ್ಳಿಯಿಂದ ಹೊರಟರೆ ಹಿಂದಿನಿಂದ ಒದ್ದೆ ಸೊಪ್ಪಿನ ವಾಸನೆ ಅಂಗಿಯ ಬೆನ್ನಿಗೆ ಹತ್ತಿ, ಇಡೀ ದಿನ ನನ್ನ ಜೊತೆ ತಿರುಗುತ್ತಿತ್ತು. ಈಗಲೂ ಸಾರಿಗೆ ಕೊತ್ತಂಬರಿ ಬಿದ್ದರೆ ನನ್ನ ಬೆನ್ನು ತಣ್ಣಗಾಗುತ್ತದೆ.

ಮದುವೆಯಾದ ಮೇಲೆ ಆ ಕ್ಯಾರಿಯರ್ ಮೇಲೆ ಚಿಕ್ಕತಾಯಮ್ಮ ಬಂದು ಕೂತಳು. ಹರದನಹಳ್ಳಿಯವಳು. ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಸೀಟಿನ ಸ್ಪ್ರಿಂಗ್ ಹಿಡಿದು, ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಮಾತಾಡುತ್ತಿದ್ದಳು. ಊರೂರ ಸೂರ್ಯಕಾಂತಿ ಹೊಲ, ಯಾರ ಎಮ್ಮೆ ಕರು ಹಾಕಿತು, ಅವಳ ತಂಗಿಗೆ ಯಾವ ಬಣ್ಣದ ಸೀರೆ ಒಪ್ಪುವುದಿಲ್ಲ, ಎಲ್ಲ. ನಾನು ‘ಹೂಂ’ ಅನ್ನುತ್ತಿದ್ದೆ. ಏರು ಬಂದಾಗ ಹೂಂ ಅನ್ನಲೂ ಉಸಿರು ಇರುತ್ತಿರಲಿಲ್ಲ. ಆಗ ಅವಳೇ ನನ್ನ ಪರವಾಗಿಯೂ ಹೂಂ ಅಂದುಕೊಂಡು ಮುಂದುವರಿಸುತ್ತಿದ್ದಳು.

ವ್ಯಾಪಾರ ಕೈ ಹಿಡಿದ ಮೇಲೆ ಹೆದ್ದಾರಿಯ ಮಗ್ಗುಲಲ್ಲೇ ಜಾಗ ಮಾಡಿ, ಕೆಳಗೆ ಅಂಗಡಿ, ಹಿಂದೆ ಗೋಡೌನ್, ಮೇಲೆ ಮನೆ ಕಟ್ಟಿಸಿದೆ. ಮೈಸೂರಿನಿಂದ ಕೇರಳಕ್ಕೆ ಹೋಗುವ ಪ್ರತಿಯೊಂದು ಲಾರಿಯೂ ನಮ್ಮ ನಡುಮನೆಯ ಕಿಟಕಿ ಗಾಜನ್ನು ಮಾತಾಡಿಸಿಕೊಂಡೇ ಹೋಗುತ್ತದೆ. ಇಂಥ ಜಾಗ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಲಾರಿ ಸದ್ದಿನಿಂದ ನನಗೆ ಇನ್ನೊಂದು ಲಾಭವೂ ಇತ್ತು. ಎದುರು ಕೂತ ರೈತನೋ ಮಲಯಾಳಿ ವ್ಯಾಪಾರಿಯೋ ನನಗೆ ಹಿಡಿಸದ ರೇಟು ಹೇಳಿದನೆನ್ನಿ. ಅದೇ ಗಳಿಗೆಗೆ ಒಂದು ಲಾರಿ ಹಾರ್ನ್ ಹೊಡೆದು ಹೋಗುತ್ತದೆ. ನಾನು ಕಿವಿಗೆ ಕೈ ಹಿಡಿದು ‘ಆಂ? ಏನಂದ್ರಿ?’ ಅನ್ನುತ್ತೇನೆ. ಎರಡನೇ ಸಲ ಹೇಳುವಾಗ ಮನುಷ್ಯ ತಾನಾಗಿಯೇ ಸ್ವಲ್ಪ ಸಡಿಲವಾಗುತ್ತಾನೆ. ಹೊಸದಾಗಿ ಅಂಗಡಿ ಇಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಿವಿ ತುಂಬ ಚುರುಕಾಗಿರುವವನಿಗೆ ವ್ಯಾಪಾರ ಕಷ್ಟ.

ಚಿಕ್ಕತಾಯಮ್ಮನ ತಂದೆ ಅವಳಿಗೆ ಅರಿಸಿನ–ಕುಂಕುಮಕ್ಕೆಂದು ಹರದನಹಳ್ಳಿಯ ಹೊರಗೆ ಒಂದು ತುಂಡು ಜಮೀನು, ಅದರಲ್ಲೊಂದು ಹೆಂಚಿನ ಮನೆ ಕೊಟ್ಟಿದ್ದರು. ಬೀಗ ಹಾಕಿ ಇಟ್ಟಿದ್ದೆವು. ಮಗಳನ್ನು ಕೊಳ್ಳೇಗಾಲಕ್ಕೆ ಮದುವೆ ಮಾಡಿ ಕಳಿಸಿದ ಮೇಲೆ ಇವಳದು ಶುರುವಾಯಿತು. ಊಟಕ್ಕೆ ಕೂತಾಗ, ಸಂಜೆ ದೀಪ ಹಚ್ಚಿ ಬಂದಾಗ ಮೆಲ್ಲಗೆ ಕೇಳುವಳು: ‘ಅಲ್ಲ ಕಣಿ, ಹರದನಳ್ಳಿ ಮನೆಗೆ ಓಗಿ ಇದ್ಬುಡನ್ವಾ?’ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಲಾರಿ ಬಂದೇ ಬರುತ್ತಿತ್ತು. ‘ಆಂ?’ ಅನ್ನುತ್ತಿದ್ದೆ. ‘ಏನಿಲ್ಲ ಬುಡಿ’ ಎಂದು ಅವಳು ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದಳು. ಅಂಗಡಿಯಿಂದ ಬಸ್ಸಿನಲ್ಲಿ ಒಂದು ಗಂಟೆಗೂ ಮೇಲಿನ ದೂರ. ಬೆಳಗಿನ ಹರಾಜಿಗೆ ನಾನಿಲ್ಲದಿದ್ದರೆ ಈರುಳ್ಳಿ ಯಾರ ಪಾಲಾಗುತ್ತದೋ? ಇದು ನನ್ನ ಲೆಕ್ಕ.

ಇನ್ನು ಸ್ಪೇನಿನ ವಿಷಯ. ಮೈಸೂರಿನ ಟ್ರಾವೆಲ್ಸ್ ಒಂದರ ಹುಡುಗನಿಗೆ ನಮ್ಮ ಅಂಗಡಿಯ ಹುರುಳಿಕಾಳು ಅಂದರೆ ಇಷ್ಟ. ಒಂದು ದಿನ ಬಂದವನು, ಯಾರೋ ಡಾಕ್ಟರ್ ದಂಪತಿ ಕೊನೇ ಗಳಿಗೆಯಲ್ಲಿ ಕೈಬಿಟ್ಟ ಎರಡು ಸೀಟುಗಳಿವೆ, ಅರ್ಧ ರೇಟಿಗೆ ಹೋಗುತ್ತಿವೆ ಎಂದ. ಸ್ಪೇನ್ ದೇಶ, ದ್ರಾಕ್ಷಿತೋಟಗಳ ಸೀಮೆ. ಅರ್ಧ ರೇಟು ಅನ್ನುವ ಮಾತು ಕಿವಿಗೆ ಬಿದ್ದರೆ ನನ್ನ ಬುದ್ಧಿ ಹೊರಗೆ ಹೋಗಿ ಬೀಡಿ ಸೇದುತ್ತ ನಿಲ್ಲುತ್ತದೆ. ಆ ಅರ್ಧದಲ್ಲೂ ಸ್ವಲ್ಪ ಇಳಿಸಿ, ಅಲ್ಲೇ ಮುಗಿಸಿದೆ. ಗಿಡದ ಮೇಲಿನ ಎಲೆ ನೋಡಿ ಮಣ್ಣಿನೊಳಗಿನ ಅರಿಸಿನವನ್ನು ಕೊಂಡುಬಿಡುವವರು ನಾವು. ಅಗೆದು ನೋಡುವ ಅಭ್ಯಾಸವೇ ಇಲ್ಲ. ವಾರದ ಮೇಲೆ ಆ ಹುಡುಗ ಫೋನ್ ಮಾಡಿದ.

‘ಸಾರ್, ನಿಮ್ಮ ಎತ್ತರ ಎಷ್ಟು? ಮೇಡಮ್ದು?’

‘ಯಾಕಪ್ಪ, ಬಟ್ಟೆ ಒಲಿಸ್ಕೊಟ್ಟೀರಾ?’

‘ಅಲ್ಲ ಸಾರ್, ಸೈಕಲ್ ಸೀಟ್ ಅಡ್ಜಸ್ಟ್ ಮಾಡಕ್ಕೆ. ಸೈಕಲ್ ಟೂರ್ ಅಲ್ವಾ?’

ಚಿಕ್ಕತಾಯಮ್ಮ ಪಕ್ಕದಲ್ಲೇ ಇದ್ದಳು. ನನ್ನ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡಳು. ‘ಅರ್ಧ ರೇಟ್ಗೆ ಸಿಕ್ತು ಅಂತ ಸ್ಪೇನ್ಗಂಟ ಓಗಿ ಸೈಕಲ್ ತುಳೀಬೇಕಾ? ಇಲ್ಲೇ ತುಳುದ್ರೆ ಯಾರೂ ದುಡ್ಡೇ ಕೇಳಕಿಲ್ವಲ್ಲ’ ಅಂದಳು.

ಅವಳಿಗೆ ಸೈಕಲ್ ಬರುವುದಿಲ್ಲ. ನಾನು ಸೋಲುವವನೇ? ‘ಒಂದೇ ಸೈಕಲ್ ಕೊಡಪ್ಪ, ಗಟ್ಟಿ ಕ್ಯಾರಿಯರ್ ಇರಲಿ, ನಮ್ಮನೇರು ಹಿಂದೆ ಕೂರ್ತಾರೆ, ಇನ್ನೊಂದು ಸೈಕಲ್ಲಿನ ಬಾಡಿಗೆ ಕಮ್ಮಿ ಮಾಡು’ ಎಂದು ಹೊಸ ವ್ಯಾಪಾರ ಶುರುಮಾಡಿದೆ. ಅವನು ಸ್ಪೇನಿನವರನ್ನು ಕೇಳಿದ. ಆ ದೇಶದಲ್ಲಿ ಕ್ಯಾರಿಯರ್ ಇರುವುದು ಚೀಲಕ್ಕಂತೆ, ಹೆಂಡತಿಗಲ್ಲವಂತೆ. ಅದರ ಬದಲು ಇಬ್ಬರು ಒಬ್ಬರ ಹಿಂದೊಬ್ಬರು ಕೂತು ತುಳಿಯುವ ಉದ್ದನೆಯ ಸೈಕಲ್ ಕೊಡುತ್ತೇವೆ ಎಂದರು. ಎರಡು ಸೀಟು, ಎರಡು ಜೊತೆ ಪೆಡಲ್. ಆಯಿತು ಅಂದೆ. ಎರಡು ಸೈಕಲ್ಲಿನ ಸಾಮಾನು ಒಂದರ ಬಾಡಿಗೆಗೆ ಬಂದ ಹಾಗಾಯಿತಲ್ಲ.

ನಮ್ಮ ಗುಂಪಿನಲ್ಲಿದ್ದವರು ಮೈಸೂರಿನ ಕೆಲವು ಸೈಕಲ್ ಹುಚ್ಚಿನ ಡಾಕ್ಟರುಗಳು. ಬಿಟ್ಟ ಬಾಣದ ಹಾಗೆ ಮುಂದೆ ಹೋಗಿಬಿಡುತ್ತಿದ್ದರು. ಎಲ್ಲರಿಗಿಂತ ಹಿಂದೆ ನಾವು, ನಮ್ಮ ಹಿಂದೆ, ಯಾರೂ ಕಳೆದುಹೋಗದಂತೆ ನೋಡಿಕೊಳ್ಳಲು, ಲೂಸಿಯಾ ಎಂಬ ಗೈಡ್ ಹುಡುಗಿ. ಊಟಿಗೆ ಹೋಗುವ ಟೂರಿಸ್ಟರ ಹತ್ತಿರ ಮಾತಾಡಿ ಮಾತಾಡಿ ನಾನು ಕಲಿತ ಇಂಗ್ಲಿಷಿಗೂ ಅವಳ ಇಂಗ್ಲಿಷಿಗೂ ಬಹಳ ಬೇಗ ಹೊಂದಿಕೆಯಾಯಿತು.

ಮೊದಲ ದಿನ ಹತ್ತಲು ಹೋಗಿ ಹುಲ್ಲಿನ ಮೇಲೆ ಬಿದ್ದೆವು. ಚಿಕ್ಕತಾಯಮ್ಮ ಬಿದ್ದಲ್ಲೇ ಕೂತು ಎಷ್ಟು ನಕ್ಕಳೆಂದರೆ, ಅವಳ ಹೆಲ್ಮೆಟ್ ಕಣ್ಣ ಮೇಲೆ ಇಳಿಯಿತು. ಎದ್ದು ಮತ್ತೆ ಹತ್ತಿದೆವು. ಆ ಸೈಕಲ್ಲಿನ ಮರ್ಮ ಏನೆಂದರೆ ನನ್ನ ಪೆಡಲ್ ತಿರುಗಿದರೆ ಅವಳದೂ ತಿರುಗಲೇಬೇಕು. ಯಾರು ಬಲ ಹಾಕುತ್ತಿದ್ದಾರೆ, ಯಾರು ಸುಮ್ಮನೆ ಕಾಲು ಇಟ್ಟುಕೊಂಡಿದ್ದಾರೆ ಎಂದು ದೇವರಿಗೂ ತಿಳಿಯುವುದಿಲ್ಲ.

‘ನೀವು ತುಳೀತಾ ಇಲ್ಲ ಕಣಿ.’

‘ನಾನೇ ಕಣೆ ತುಳೀತಾ ಇರದು. ನೀನು ಕಾಲು ಮಡಿಕ್ಕೊಂಡು ಕುಂತಿದ್ದೀಯ.’

‘ಅಂಗಾದ್ರೆ ಇಬ್ರೂ ನಿಲ್ಸನ. ಯಾರ್ದ್ರಿಂದ ಓಡ್ತಿತ್ತು ಗೊತ್ತಾಯ್ತದ.’

ಇಬ್ಬರೂ ನಿಲ್ಲಿಸಿದೆವು. ಸೈಕಲ್ಲೂ ನಿಂತಿತು. ಏನೂ ಗೊತ್ತಾಗಲಿಲ್ಲ. ಮದುವೆ ಆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಹೋಗುತ್ತಿದ್ದುದು ಹಿಂದೊಮ್ಮೆ ರೈಲು ಓಡುತ್ತಿದ್ದ ದಾರಿ. ರೈಲು ನಿಂತು, ಕಂಬಿ ಕಿತ್ತು, ಸಣ್ಣ ಜಲ್ಲಿ ಹಾಸಿ ಸೈಕಲ್ಲಿಗೆ ಬಿಟ್ಟುಕೊಟ್ಟಿದ್ದಾರೆ. ಕಾರಿಲ್ಲ, ಬೈಕಿಲ್ಲ. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಏರು ಕೂಡ ಏರು ಅನ್ನಿಸದ ಹಾಗೆ ನಿಧಾನವಾಗಿ ಏರುತ್ತದೆ. ನಮ್ಮ ಚಾಮರಾಜನಗರದಲ್ಲಿ ರೈಲು ಬಂದು ಮುಗಿದುಬಿಡುತ್ತದೆ. ಮುಂದಕ್ಕೆ ಹೋಗುತ್ತದೆ, ತಮಿಳುನಾಡಿಗೆ ಕೂಡುತ್ತದೆ ಎಂದು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ಆ ಕಂಬಿಯ ಕೊನೆಯಲ್ಲಿ ನಿಂತು, ಇಲ್ಲಿಂದಾಚೆ ಏನಿದೆ ಎಂದು ಚಿಕ್ಕಂದಿನಲ್ಲಿ ಬೆರಗಿನಿಂದ ನೋಡಿದ್ದೆ. ಈ ಸ್ಪೇನಿನ ದಾರಿಯಲ್ಲಿ ಹೋಗುತ್ತ ಹೋಗುತ್ತ, ಅಲ್ಲಿಂದಾಚೆ ಇದ್ದದ್ದು ಇದೇ ಇರಬೇಕು ಅನ್ನಿಸಿತು. ಕಂಬಿ ಇಲ್ಲದ ದಾರಿ, ರೈಲು ಇಲ್ಲದ ಸ್ಟೇಷನ್ನು, ಗಡಿಯಾರದಲ್ಲಿ ಮುಳ್ಳಿಲ್ಲ, ಬೆಂಚಿನ ಮೇಲೆ ಒಂದು ಬೆಕ್ಕು.

ಎರಡೂ ಕಡೆ ದ್ರಾಕ್ಷಿ. ಚಪ್ಪರದ ದ್ರಾಕ್ಷಿಯಲ್ಲ. ನಮ್ಮ ಹತ್ತಿಗಿಡದಷ್ಟೇ ಎತ್ತರ, ಕಾಂಡ ಮಾತ್ರ ಮುದುಕರ ಮೊಣಕಾಲಿನ ಹಾಗೆ ಗಂಟುಗಂಟು. ಕೊಯ್ಲು ಮುಗಿದು ಎಲೆಗಳು ಕೆಂಪಾಗುತ್ತಿದ್ದವು. ಕೆಂಪು ಅಂದರೆ ಒಂದೇ ಕೆಂಪಲ್ಲ. ಒಂದು ಸಾಲು ಕುಂಕುಮ, ಒಂದು ಸಾಲು ಒಣಮೆಣಸಿನಕಾಯಿ, ದೂರದ ಇಳಿಜಾರಿನಲ್ಲಿ ಬೇಯಿಸಿ ಒಣಗಲು ಹರಡಿದ ಅರಿಸಿನ. ಕಲ್ಲು ಬೆರೆತ ಮಣ್ಣು. ಎಕರೆಗೆ ಎಷ್ಟು ಬಂದೀತು, ಯಾರು ಕೊಳ್ಳುತ್ತಾರೆ, ಮಧ್ಯೆ ದಲ್ಲಾಳಿ ಇದ್ದಾನೋ ಎಂದು ನಾನು ಮೊದಮೊದಲು ಅಂದಾಜು ಹಾಕುತ್ತಿದ್ದೆ. ಗಾಲಿ ಉರುಳಿದ ಹಾಗೆಲ್ಲ ಅಂದಾಜು ಎಲ್ಲೋ ಸಡಿಲವಾಗಿ ಉದುರಿಹೋಯಿತು. ಒಂದು ತೋಟದವರು ಕರೆದು ಗಾಜಿನ ಲೋಟದಲ್ಲಿ ವೈನ್ ಕೊಟ್ಟು, ಬಾಯಲ್ಲಿ ಆಡಿಸಿ ಪಕ್ಕದ ಡಬ್ಬಕ್ಕೆ ಉಗುಳಿ ಎಂದರು. ಉಗುಳುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತಾ ಎಂದು ಚಿಕ್ಕತಾಯಮ್ಮ ಕೇಳಿದಳು. ಅವಳು ಬರೀ ದ್ರಾಕ್ಷಿರಸ ಕುಡಿದಳು, ಎರಡು ಲೋಟ.

ಆ ದಾರಿಯಲ್ಲಿ ನನಗೆ ಅಭ್ಯಾಸವಾಗದೆ ಕಾಡಿದ್ದು ನಿಶ್ಶಬ್ದ. ಮೊದಲ ದಿನ ನಾನು ‘ಬಿಗಿಯಾಗ್ ಇಡ್ಕೋ!’ ಎಂದು ಮನೆಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಎಷ್ಟೋ ಮುಂದೆ ಹೋಗುತ್ತಿದ್ದ ಡಾಕ್ಟರುಗಳು ಬ್ರೇಕ್ ಹಾಕಿ ತಿರುಗಿ ನೋಡಿದರು. ಲೂಸಿಯಾ ಪಕ್ಕಕ್ಕೆ ಬಂದು, ‘ನಿಮಗೆ ಕೋಪ ಬಂದಿದೆಯಾ?’ ಎಂದು ಕೇಳಿದಳು. ನಾವು ಗಂಡ ಹೆಂಡಿರು ಹೆದ್ದಾರಿಯ ಪಕ್ಕ ಇಷ್ಟು ವರ್ಷ ಕೂಗಿಕೊಂಡೇ ಬದುಕಿದ್ದೇವೆ ಎಂದು ನನಗೆ ಹೊಳೆದದ್ದೇ ಆಗ. ಆಮೇಲೆ ದನಿ ಇಳಿಸಿದೆವು. ದನಿ ಇಳಿಸಿದ ಮೇಲೆ ಇನ್ನೊಂದು ವಿಚಿತ್ರ. ಹಿಂದಿನಿಂದ ಯಾರೋ ಬೇರೆ ಹೆಂಗಸು ಮಾತಾಡಿದ ಹಾಗೆ ಕೇಳಿಸಿತು. ಸ್ವಲ್ಪ ಒಡಕು ದನಿ, ಮಾತಿನ ಕೊನೆಗೆ ಒಂದು ಸಣ್ಣ ಉಸಿರು. ಅವಳ ದನಿ ಯಾವಾಗ ಹೀಗಾಯಿತು ನನಗೆ ತಿಳಿಯದು.

ಮೂರನೆಯ ದಿನ ಒಂದು ಸುರಂಗ ಸಿಕ್ಕಿತು. ಒಳಗೆ ತಂಪು, ಕತ್ತಲು, ನಮ್ಮ ಟಯರಿನ ಸದ್ದು ಬಿಟ್ಟರೆ ಏನೂ ಇಲ್ಲ. ಸುರಂಗದ ನಡುವೆ ಅವಳು ಅಂದಳು:

‘ಇದು ನಮ್ ಗೋಡೌನ್ ಒಳಗೆ ಕುಂತಂಗೇ ಅದ.’

‘ಗೋಡೌನ್ನಾ? ಅಲ್ಲಿ ಯಾಕೆ ಕೂರ್ತೀಯ?’

‘ಹುರುಳಿ ಮೂಟೆ ಇಂದೆ ಕೂರಕಿಲ್ವಾ ನಾನು, ಮಧ್ಯಾನದೊತ್ತು? ಮೂಟೆ ಅಡ್ಡ ಇದ್ರೆ ಲಾರಿ ಸದ್ದು ಕೇಳಕಿಲ್ಲ. ಕಿವಿ ಒಳಗೆ ಗುಂಯ್ ಅನ್ನದು ಸ್ವಲ್ಪ ಕಮ್ಮಿ ಆಯ್ತದ.’

‘ನೀನು ಮೂಟೆ ಎಣಿಸಕ್ಕೆ ಓಯ್ತೀಯ ಅನ್ಕಂಡಿದ್ದೆ ಕಣೆ.’

‘ನಿಮ್ ಮೂಟೆ ನಾನ್ಯಾಕ್ ಎಣಿಸ್ಲಿ?’

ಸುರಂಗ ಮುಗಿದು ಬೆಳಕು ಬಂತು. ಅವಳು ಗೋಡೌನಿಗೆ ಹೋಗುವುದನ್ನು ನಾನು ಎಷ್ಟು ಜನರ ಮುಂದೆ ಹೊಗಳಿದ್ದೆ! ನಮ್ಮನೆಯವಳ ಕಣ್ಣು ತಪ್ಪಿಸಿ ಒಂದು ಮೂಟೆ ಕದಲುವುದಿಲ್ಲ ಎಂದಿದ್ದೆ. ಆ ಧೂಳಿನಲ್ಲಿ, ಮೂಟೆಗಳ ಸಂದಿಯಲ್ಲಿ, ಗೋಡೆಗೆ ತಲೆ ಆನಿಸಿ ಅವಳು ಕೂತಿರುತ್ತಿದ್ದ ಚಿತ್ರ, ಎದುರಿಗಿದ್ದ ಕೆಂಪು ಬೆಟ್ಟದ ಮೇಲೆಲ್ಲ ಹರಡಿಕೊಂಡಿತು.

ಸುಮಾರು ದೂರ ಹೋದ ಮೇಲೆ, ಕ್ಯಾರಿಯರ್ ಮೇಲೆ ಕೂತು ಮಾತಾಡುತ್ತಿದ್ದಷ್ಟೇ ಮೆಲ್ಲಗೆ, ಅವಳು ಕೇಳಿದಳು:

‘ಅಲ್ಲ ಕಣಿ, ಹರದನಳ್ಳಿ ಮನೆಗೆ ಓಗಿ ಇದ್ಬುಡನ್ವಾ?’

ನನ್ನ ತಲೆ ತಾನಾಗಿ ಪಕ್ಕಕ್ಕೆ ತಿರುಗಿತು, ಲಾರಿ ಹುಡುಕಿಕೊಂಡು. ದ್ರಾಕ್ಷಿ ಸಾಲು. ಅದರಾಚೆ ದ್ರಾಕ್ಷಿ ಸಾಲು. ಯಾವುದೋ ಹಕ್ಕಿ ಕೂಗುವುದಕ್ಕಿತ್ತು, ಅದೂ ಕೂಗಲಿಲ್ಲ. ಜಲ್ಲಿಯ ಮೇಲೆ ಗಾಲಿ ಅಕ್ಕಿ ಜರಡಿ ಹಿಡಿದ ಹಾಗೆ ಸದ್ದು ಮಾಡುತ್ತಿತ್ತು, ಅಷ್ಟೆ. ಅವಳು ಎರಡನೇ ಸಲ ಹೇಳಲಿಲ್ಲ. ‘ನೋಡನ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ವ್ಯಾಪಾರಿಯ ಬಾಯಲ್ಲಿ ಅದರ ಅರ್ಥ ಇಲ್ಲ ಎಂದೇ. ಅವಳಿಗೂ ಅದು ಗೊತ್ತು. ಬೆಳಗಿನ ಹರಾಜು, ಬಸ್ಸಿನ ದಾರಿ, ಗುಮಾಸ್ತನ ಸೋಮಾರಿತನ, ಎಲ್ಲ ಒಂದೊಂದಾಗಿ ಮುಂದೆ ಬಂದು ನಿಂತವು. ಆ ಬೆಳಕಿನಲ್ಲಿ ಅವು ಯಾವುದಕ್ಕೂ ತೂಕವೇ ಇರಲಿಲ್ಲ.

‘ಆಗ್ಲಿ ಕಣೆ. ಓಗನ’ ಅಂದೆ.

ಮೊದಲನೇ ಮಾತಿಗೇ ಒಪ್ಪಿ ವ್ಯಾಪಾರ ಮುಗಿಸಿದ್ದು ನನ್ನ ಜನ್ಮದಲ್ಲಿ ಅದೊಂದೇ. ಆ ಉದ್ದನೆಯ ಸೈಕಲ್ಲಿನಲ್ಲಿ ಮುಂದೆ ಕೂತವನು ಹಿಂದೆ ತಿರುಗುವ ಹಾಗಿಲ್ಲ. ತಿರುಗಿದರೆ ಇಬ್ಬರೂ ದ್ರಾಕ್ಷಿತೋಟದೊಳಗೆ. ಎದುರಿನವರ ಮುಖ ಓದಿಯೇ ಅನ್ನ ಸಂಪಾದಿಸಿದ ನನಗೆ, ಆ ಒಂದು ಮಾತಿಗೆ ಅವಳ ಮುಖ ಏನಾಯಿತು ಎಂದು ನೋಡಲಾಗಲಿಲ್ಲ. ಅಳುತ್ತಿದ್ದಾಳೋ, ನಗುತ್ತಿದ್ದಾಳೋ? ಪೆಡಲಿನಿಂದ ತಿಳಿಯಬಹುದೇ ಎಂದು ಕಾಲಿನಿಂದ ಕಿವಿಗೊಟ್ಟೆ. ಎಂದಿನ ಹಾಗೆಯೇ ತಿರುಗುತ್ತಿತ್ತು. ಹೀಗೆ ಎಷ್ಟು ಹೊತ್ತು ಹೋದೆವೋ, ಬೆಟ್ಟದ ನೆರಳು ಬಂದು ನಮ್ಮ ಉದ್ದನೆಯ ನೆರಳನ್ನು ನುಂಗಿತು.

ಒಂದು ಹಳೆಯ ಸ್ಟೇಷನ್ನನ್ನು ಹೋಟೆಲ್ ಮಾಡಿದ್ದರು. ಅಲ್ಲಿ ಇಳಿದಾಗ ಅವಳ ಮುಖ ಎಂದಿನ ಮುಖ. ‘ಇವ್ರ ಸಾರಿಗೆ ಉಪ್ಪೇ ಇರಕಿಲ್ಲ, ಕೇಳಿ ಈಸ್ಕಳಿ’ ಅಂದಳು. ಅವಳು ಕೈಕಾಲು ತೊಳೆಯಲು ಹೋದಾಗ ನಾನು ಮೆಲ್ಲಗೆ ಲೂಸಿಯಾಳನ್ನು ಪಕ್ಕಕ್ಕೆ ಕರೆದೆ. ಅವಳು ಇಡೀ ಹೊತ್ತು ನಮ್ಮ ಹಿಂದೆಯೇ ಬಂದವಳಲ್ಲವೇ?

‘ಸುರಂಗ ಆದ ಮೇಲೆ ನನ್ನ ಹೆಂಡತಿ ಅಳುತ್ತಿದ್ದಳಾ, ನಗುತ್ತಿದ್ದಳಾ?’

ಲೂಸಿಯಾ ಸ್ವಲ್ಪ ಯೋಚಿಸಿದಳು. ‘ಎರಡೂ ಅಲ್ಲ. ಎರಡು ಕೈಯನ್ನೂ ಹ್ಯಾಂಡಲ್ಲಿನಿಂದ ಬಿಟ್ಟುಬಿಟ್ಟಿದ್ದರು. ಬೀಳುತ್ತಾರೇನೋ ಎಂದು ನನಗೆ ಭಯವಾಗಿತ್ತು. ಬೆರಳು ಮಡಿಸಿ ಮಡಿಸಿ ಏನನ್ನೋ ಎಣಿಸುತ್ತಿದ್ದರು’ ಅಂದಳು.

ಅಲ್ಲಿ ನಾನು ಚಿಕ್ಕತಾಯಮ್ಮನನ್ನು ಕೇಳಲಿಲ್ಲ. ಊರಿಗೆ ಬಂದ ಮೇಲೆಯೂ ಕೆಲವು ದಿನ ಸುಮ್ಮನಿದ್ದೆ. ಹೋದ ವಾರ ಹರದನಹಳ್ಳಿಗೆ ಹೋಗಿ ಬೀಗ ತೆಗೆಸಿದೆವು. ಒಡೆದ ಹೆಂಚು ಬದಲಾಯಿಸುವವನಿಗೆ ಹೇಳಿ, ಗೋಡೆಗೆ ಸುಣ್ಣ ಹೊಡೆಯುವವನ ಹತ್ತಿರ ನಾನು ಚೌಕಾಸಿ ಮಾಡುತ್ತಿದ್ದರೆ, ‘ಬುಡಿ, ಅವನ್ ಕೇಳಿದ್ದು ಕೊಡಿ’ ಎಂದು ಅವಳು ಒಳಗೆ ಹೋದಳು. ಅವನು ಹೋದ ಮೇಲೆ ಜಗುಲಿಯ ಧೂಳು ಒರೆಸಿ ಇಬ್ಬರೂ ಕೂತೆವು. ಎದುರಿಗೆ ಯಾರದೋ ಚೆಂಡುಹೂವಿನ ಹೊಲ. ಗಾಳಿ ಅದರ ಮೇಲೆ ನಡೆದುಹೋಗುವುದು ಕೇಳಿಸುತ್ತಿತ್ತು.

‘ಅವತ್ತು ಸೈಕಲ್ ಮೇಲೆ ಏನೇ ಎಣಿಸ್ತಿದ್ದೆ?’

ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಎರಡು ಕೈ ಮುಂದೆ ಚಾಚಿ, ಒಂದೊಂದೇ ಬೆರಳು ಮಡಿಸಿದಳು.

‘ಒಂದು ನುಗ್ಗೆ. ಒಂದು ಕರಿಬೇವು. ಬಚ್ಚಲ ನೀರಿಗೆ ಒಂದು ಬಾಳೆ, ಒಂದು ಕೆಸ. ಇಲ್ಲಿ ಮುಂದೆ ಒಂದು ದಾಸವಾಳ, ಆ ಕಡೆ ಮಲ್ಲಿಗೆ. ಒಂದು ಹಸ. ಮಗ್ಳು ಬಂದ್ರೆ ಮನಿಕ್ಕೊಳಕ್ಕೆ ಒಂದು ಮಂಚ. ಒಳ್ಳು ಕಲ್ಲು ಒಂದು, ಗುಂಡ್ಲುಪೇಟೆದ್ನೇ ತರದು.’

ಒಂದು ಬೆರಳು ಉಳಿದಿತ್ತು.

‘ಅದು?’

‘ಅದ ನಿಮ್ಗೆ ಅಂತ ಬುಟ್ಟಿವ್ನಿ. ಇಲ್ಲಿ ನಿಮ್ಗೆ ಏನ್ ಬೇಕು ಹೇಳಿ.’

ಏನು ಬೇಕು ಎಂದು ಎದುರಿನವರು ಬಾಯಿ ತೆರೆಯುವ ಮೊದಲೇ ನನ್ನ ಉತ್ತರ ತಯಾರಿರುತ್ತದೆ. ಅದಕ್ಕೆ ಮೇಲೊಂದು ಸೇರಿಸಿ ಕೇಳುವುದೂ ನನಗೆ ಗೊತ್ತು. ಜಗುಲಿಯ ಮೇಲೆ ಕೂತು ಯೋಚಿಸಿದೆ. ಹೊಲದ ಕಡೆ ನೋಡಿದೆ, ಮನೆಯ ಒಳಗೆ ನೋಡಿದೆ. ಒಂದು ವಸ್ತುವೂ ನೆನಪಿಗೆ ಬರಲಿಲ್ಲ.

‘ಅವಸರ ಏನಿಲ್ಲ ಬುಡಿ’ ಅಂದಳು ಚಿಕ್ಕತಾಯಮ್ಮ. ಬೆರಳನ್ನು ಮಾತ್ರ ಮಡಿಸದೆ ಹಾಗೇ ಹಿಡಿದುಕೊಂಡಿದ್ದಳು.